ಎರಡು ಡಬ್ಬಿ ಖಾರ

"ಲಕ್ಷ ಅಂದ್ರ ಎಷ್ಟ್ ಮಂದಿ ಆಕ್ಕಾರವ್ವಾ ಕಾವ್ಯಾ?"

ಅತ್ತೆ ಭರಮವ್ವ ಹೀಗೆ ಕೇಳಿದಾಗ ರೊಟ್ಟಿ ಮುರಿಯುತ್ತಿದ್ದ ಕಾವ್ಯಾಳ ಕೈ ತಾಟಿನ ಮೇಲೆಯೇ ನಿಂತಿತು.

"ಯಾಕ್ರಿ ಅತ್ತಿ?"

"ನಮ್ಮ ರೋಹಿಣಿ ವಿಡಿಯೋ ಲಕ್ಷ ಮಂದಿ ನೋಡ್ಯಾರಂತ. ಪುಂಡಲೀಕ ಹೇಳಿ ಹೋದ. ನಮ್ಮ ಕುಪ್ಪೇಲೂರಿನ ಮಂದಿ, ದನಾ ಕರಾ ಎಲ್ಲಾ ಕೂಡಿದ್ರೂ ಅಷ್ಟ್ ಆಗೂದಿಲ್ಲಲಾ?"

"ರಾಣೇಬೆನ್ನೂರು ಪ್ಯಾಟಿ ಪೂರಾ ಕೂಡಿದ್ರ ಆಕ್ಕಾರ್ರಿ."

"ಹಂಗಾರ ಪೂರಾ ರಾಣೇಬೆನ್ನೂರು ನನ್ನ ಮಾರಿ ನೋಡೇತಿ ಅನ್ನು! ಹಲ್ಲಿಲ್ಲದ ಮಾರಿ!" ಭರಮವ್ವ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಒಳಗೆ ಒಲೆಯ ಮುಂದಿದ್ದ ರೋಹಿಣಿಯೂ ನಕ್ಕದ್ದು ಕೇಳಿಸಿತು. ಕಾವ್ಯಾಳೂ ನಕ್ಕಳು, ಆದರೆ ತುಟಿಯಿಂದ ಮಾತ್ರ.

ನ್ಯಾಯವಾಗಿ ನೋಡಿದರೆ ಆ ಲಕ್ಷ ಕಾವ್ಯಾಳದು. ದಾವಣಗೆರೆಯಲ್ಲಿ ಎಂಬಿಎ ಓದಿದವಳು ಅವಳು. ಹುಬ್ಬಳ್ಳಿಯ ಜಾಹೀರಾತು ಕಂಪನಿಯಲ್ಲಿ ದುಡಿದು ಬಂದವಳು ಅವಳು. ಬೀಜದ ಕಂಪನಿಯ ಕಲ್ಲೇಶನನ್ನು ಮದುವೆಯಾಗಿ ಈ ಊರಿಗೆ ಬಂದ ಮೇಲೆ ಔಷಧದ ಅಂಗಡಿಯ ಮೇಲಿನ ಕೋಣೆಯೊಂದನ್ನು ಬಾಡಿಗೆ ಹಿಡಿದು 'ಡಿಜಿಟಲ್ ಮಾರ್ಕೆಟಿಂಗ್' ಎಂದು ಬೋರ್ಡು ಹಾಕಿದ್ದಳು. ಅದು ಏನು ಕೆಲಸ ಎಂದು ಓಣಿಯವರಿಗೆ ಇಂದಿಗೂ ತಿಳಿದಿಲ್ಲ. "ಫೋನ್ ನೋಡ್ಕೋಂತ ಕುಂದ್ರೂ ಕೆಲಸ" ಎಂದು ಅವರು ತಮ್ಮಷ್ಟಕ್ಕೆ ಅರ್ಥ ಮಾಡಿಕೊಂಡಿದ್ದರು. ಕೂತುಕೊಂಡೇ ಅವಳು ಸೀರೆ ಅಂಗಡಿಯದು, ಹಾವೇರಿಯ ಹಲ್ಲಿನ ಡಾಕ್ಟರದು, ಬ್ಯಾಡಗಿಯ ಸಿದ್ದಲಿಂಗಪ್ಪ ಸಾಹುಕಾರರ 'ಕೆಂದಾವರೆ' ಖಾರದಪುಡಿಯದು ಎಂದು ಹತ್ತಾರು ಪೇಜುಗಳನ್ನು ಸಾಕುತ್ತಿದ್ದಳು. ಹಬ್ಬ ಬಂದರೆ ಶುಭಾಶಯ ಹಾಕಬೇಕು. ಶುಭಾಶಯದಲ್ಲಿ ಮಾಲೀಕರ ಫೋಟೊ, ಅವರ ತಂದೆಯ ಫೋಟೊ, ಮೊನ್ನೆ ಹುಟ್ಟಿದ ಮೊಮ್ಮಗನ ಫೋಟೊ ಇರಬೇಕು. ಇಷ್ಟೆಲ್ಲ ಮುಖಗಳ ನಡುವೆ ಜಾಗ ಉಳಿದರೆ ಮಾರುವ ಸಾಮಾನೂ ಕಾಣಬೇಕು.

ಗಿರಾಕಿಗಳಿಗೆ ಅವಳು ಹೇಳಿಕೊಡುತ್ತಿದ್ದ ಪಾಠಗಳೂ ಇದ್ದವು. ವಿಡಿಯೋದ ಮೊದಲ ಮೂರು ಸೆಕೆಂಡಿನಲ್ಲಿ ನೋಡುವವರನ್ನು ಹಿಡಿದು ನಿಲ್ಲಿಸಬೇಕು, ಕೊನೆಯ ತನಕ ಯಾರೂ ನೋಡುವುದಿಲ್ಲ. ಬೆಳಕು ಮುಖದ ಮೇಲೆ ಬೀಳಬೇಕು. ಮತ್ತು ಏನೇ ಆಗಲಿ, ಸಿಟ್ಟಿನಲ್ಲಿ ಕಮೆಂಟು ಬರೆಯಬಾರದು.

ರೋಹಿಣಿಗೆ ಇದಾವುದೂ ಗೊತ್ತಿರಲಿಲ್ಲ. ಅವಳು ಮೈದುನ ಪುಂಡಲೀಕನ ಹೆಂಡತಿ, ಹೊಳೆದಂಡೆಯ ಐರಣಿಯ ಹುಡುಗಿ, ಪಿಯುಸಿಗೆ ಓದು ಬಿಟ್ಟವಳು. ಮನೆಯಲ್ಲೇ ಖಾರ ಕುಟ್ಟಿಸಿ ಪೊಟ್ಟಣ ಕಟ್ಟಿ ನಾಲ್ಕು ಮನೆಗೆ ಮಾರುತ್ತಿದ್ದಳು. ಹೋದ ಯುಗಾದಿಗೆ ಹತ್ತಿರ ಬಂದು, "ಅಕ್ಕಾ, ನನಗೂ ಒಂದ್ ಪೇಜ್ ಮಾಡಿಕೊಡ್ರಿ" ಎಂದಿದ್ದಳು. ಮಗುವಿಗೆ ಗಿಲಕಿ ಕೊಡುವ ಹಾಗೆ ಕಾವ್ಯಾ ಮಾಡಿಕೊಟ್ಟಳು. 'ಭರಮವ್ವನ ಖಾರ' ಎಂದು ಹೆಸರಿಟ್ಟದ್ದು ಅವಳೇ. ಪಾಸ್‌ವರ್ಡು ಹಾಕಿದ್ದೂ ಅವಳೇ.

ಗಿಲಕಿ ಈಗ ಊರೆಲ್ಲ ಕೇಳಿಸುತ್ತಿತ್ತು. ಹಿಟ್ಟಿನ ಡಬ್ಬಿಗೆ ಫೋನು ಆನಿಸಿಟ್ಟು, ಬೆಳಕಿಗೆ ಬೆನ್ನು ಹಾಕಿ ಕೂತು, ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ರೋಹಿಣಿ ಮಾತಾಡುತ್ತಾಳೆ. ನಡುವೆ ಭರಮವ್ವ ಬಂದು ಕೂರುತ್ತಾಳೆ. ಘಾಟು ಹತ್ತಿ ಒಂದು ಸೀನು, ಮತ್ತೊಂದು ಸೀನು, ಮೂರನೆಯದು ಬರುವ ಮೊದಲು, "ಬಾರಲೇ ಭಾಡ್ಯಾ, ಬರೂದಾದ್ರ ಲಗೂ ಬಾ!" ಎಂದು ಸೀನಿಗೇ ಬೈಯುತ್ತಾಳೆ. ಇಷ್ಟೇ. ಈ ಸೀನನ್ನು ಲಕ್ಷ ಮಂದಿ ನೋಡಿದ್ದರು. ಕಾವ್ಯಾ ಲೈಟು, ಮೈಕು, ಸ್ಟ್ಯಾಂಡು ತಂದು ಮಾಡಿದ ಕೆಂದಾವರೆಯ ಯಾವ ವಿಡಿಯೋವೂ ಅದರ ಹತ್ತಿರ ಸುಳಿದಿರಲಿಲ್ಲ.

ಅದೃಷ್ಟ, ಅಷ್ಟೇ ಎಂದುಕೊಂಡಳು. ಮಂದಿಗೆ ಬುದ್ಧಿಯಿಲ್ಲ ಎಂದುಕೊಂಡಳು. ಯಾವುದನ್ನು ಅಂದುಕೊಂಡರೂ ಒಳಗಿನ ಉರಿ ಕಡಿಮೆಯಾಗಲಿಲ್ಲ. ಅದಕ್ಕೆ ಎಂಬಿಎಯಲ್ಲಿ ಬೇರೆ ಹೆಸರು ಕಲಿಸಿರಬಹುದು. ಮನೆಮಾತಿನಲ್ಲಿ ಹೊಟ್ಟೆಕಿಚ್ಚು ಎನ್ನುತ್ತಾರೆ.

ಮರುದಿನ ಅವಳು ಬ್ಯಾಡಗಿಗೆ ಹೋದಳು. ಸುಗ್ಗಿಯ ಕಾಲ. ಅಂದು ಪೇಟೆ ಇದ್ದುದರಿಂದ ಊರ ತುಂಬ ಕೆಂಪು ಚೀಲಗಳು, ಘಾಟು, ಕೆಮ್ಮು. ಹೊರಗಿನವರನ್ನು ಅಲ್ಲಿ ಗುರುತಿಸುವುದು ಸುಲಭ. ಕಣ್ಣಲ್ಲಿ ನೀರು ಸುರಿಸುತ್ತ ನಡೆಯುತ್ತಾರೆ. ಸಿದ್ದಲಿಂಗಪ್ಪ ಸಾಹುಕಾರರು ಗಾದಿಯ ಮೇಲೆ ಕೂತಿದ್ದರು. ಹಿಂದೆ ಹತ್ತಾರು ಹೆಂಗಸರು ತೊಟ್ಟು ಬಿಡಿಸುತ್ತಿದ್ದರು. ಮಗ ಪ್ರವೀಣಕುಮಾರ ಕಾವ್ಯಾಳಿಗೆ ಕುರ್ಚಿ ಎಳೆದು ಹಾಕಿದ. ಕೆಂದಾವರೆಯ ಪೇಜು ಅವಳ ಫೋನಿನಲ್ಲಿ ಬಿಟ್ಟರೆ ಅವನ ಫೋನಿನಲ್ಲಿ ಮಾತ್ರ ಇತ್ತು.

"ಬರ್ರಿ ಮೇಡಂ, ಕುಂದ್ರಿ," ಎಂದ ಸಾಹುಕಾರರು ತಮ್ಮ ಫೋನನ್ನು ಅವಳ ಮುಂದೆ ಹಿಡಿದರು. "ಇದನ್ನೊಂದ್ ಸ್ವಲ್ಪ ನೋಡ್ರಿ."

ಭರಮವ್ವ ಸೀನುತ್ತಿದ್ದಳು. ಸಾಹುಕಾರರು ಹೊಟ್ಟೆ ಕುಣಿಸಿ ನಕ್ಕರು. ಮೂರು ಸೆಕೆಂಡು ನೋಡಿ ಕಾವ್ಯಾ ಮುಖ ಮೇಲೆತ್ತಿದಳು.

"ನೋಡೇನ್ರಿ. ಅಕಿ ನನ್ನ ನೆಗೆಣ್ಣಿ."

"ಏನಂದ್ರಿ! ಮನಿಯಾಗ ಇಂಥಾ ಹುಡುಗೀನ ಇಟ್ಕೊಂಡು ನಮಗ ಲಗ್ನಪತ್ರಿಕಿ ಹಂಗಿರೂ ಜಾಹೀರಾತು ಮಾಡಿ ಕೊಡಾಕತ್ತೀರೇನ್ರಿ?" ಸಾಹುಕಾರರಿಗೆ ಅದು ತಮಾಷೆ. "ಈ ಸೀಸನ್‌ಗೆ ಕೆಂದಾವರೆಗೆ ಆ ಹುಡುಗೀನ ಮಾತಾಡಲಿ. ನೀವು ಹೇಳ್ರಿ ಅಕಿಗೆ. ನೀವು ಫೋನ್ ಹಿಡೀರಿ ಸಾಕು."

ಫೋನ್ ಹಿಡೀರಿ ಸಾಕು. ಲಗ್ನಪತ್ರಿಕೆಯಂತೆ ಮುಖಗಳನ್ನು ತುಂಬಿಸಿದ್ದು ಇದೇ ಸಾಹುಕಾರರು ಎಂದು ಹೇಳಲು ನಾಲಿಗೆ ತುದಿಗೆ ಬಂದದ್ದನ್ನು ಅವಳು ನುಂಗಿದಳು. ಹೊರಡುವಾಗ ಅವರು ಹೊಸ ಮಾಲಿನ ರಾಶಿಯ ಪಕ್ಕ ನಿಂತು ಫೋಟೊ ತೆಗೆಸಿ, "ಈಗ ಹಾಕ್ರಿ" ಎಂದರು. ಅಲ್ಲೇ ನಿಂತು ಕೆಂದಾವರೆಯ ಪೇಜಿಗೆ ಹಾಕಿ ಅವಳು ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

ಆಧಾರ್ ಕಾರ್ಡು ತೋರಿಸಿ ಬಿಟ್ಟಿ ಟಿಕೀಟು ಪಡೆದು ಕಿಟಕಿ ಪಕ್ಕ ಕೂತಾಗ ಅವಳ ಕಣ್ಣು ಉರಿಯುತ್ತಿತ್ತು. ಘಾಟಿಗೆ ಎಂದುಕೊಂಡಳು. ಈ ವೃತ್ತಿಯ ಎಲ್ಲರ ಹಾಗೆ ಅವಳಿಗೂ ಒಂದು ಮುಸುಕಿನ ಖಾತೆ ಇತ್ತು. ಸುಳ್ಳು ಹೆಸರು, ಗುಲಾಬಿ ಹೂವಿನ ಫೋಟೊ. ಎದುರಾಳಿ ಅಂಗಡಿಗಳು ಏನು ಮಾಡುತ್ತಿವೆ ಎಂದು ಇಣುಕಿ ನೋಡಲಿಕ್ಕೆ. ಅಲ್ಲಿಯವರೆಗೆ ಅದರಿಂದ ಇಣುಕಿದ್ದಳೇ ಹೊರತು ಮಾತಾಡಿರಲಿಲ್ಲ. ಮೋಟೆಬೆನ್ನೂರಿನ ದಾರಿಯಲ್ಲಿ ಬಸ್ಸು ಕುಲುಕುತ್ತಿರಲು ಅವಳು ರೋಹಿಣಿಯ ವಿಡಿಯೋದ ಕೆಳಗೆ ಹೀಗೆ ಬರೆದಳು:

'ಈ ಕೆಂಪು ಕಾಯಿದಲ್ಲ, ಬಣ್ಣ ಹಾಕಿದ್ದು. ಇವರ ಮನೆಯಲ್ಲಿ ಎರಡು ಡಬ್ಬಿ ಇವೆ. ಅತ್ತೆಗೆ ಅಡುಗೆ ಮಾಡುವ ಖಾರ ಬೇರೆ, ನಿಮಗೆ ಮಾರುವ ಖಾರ ಬೇರೆ. ಯಾಕೆ ಅಂತ ಕೇಳಿ.'

ಎರಡು ಡಬ್ಬಿ ಇದ್ದದ್ದು ನಿಜ. ಭರಮವ್ವನ ಹೊಟ್ಟೆಗೆ ಖಾರ ಆಗದು. ಅದಕ್ಕೆ ರೋಹಿಣಿ ಅವಳ ಪಾಲಿಗೆ ಖಾರ ಕಡಿಮೆಯಿರುವ ಬ್ಯಾಡಗಿ ಕಾಯಿಯನ್ನಷ್ಟೇ ಕುಟ್ಟಿಸಿ ಬೇರೆ ಇಡುತ್ತಿದ್ದಳು. ಮಾರುವುದರಲ್ಲಿ ಗುಂಟೂರಿನ ಖಾರದ ಕಾಯಿಯೂ ಕೂಡುತ್ತಿತ್ತು. ಅರ್ಧ ನಿಜಕ್ಕೆ ಅರ್ಧ ಸುಳ್ಳು ಬೆರೆಸಿದರೆ ಎಂಥ ರುಚಿ ಬರುತ್ತದೆಂದು ಜಾಹೀರಾತಿನವರಿಗೆ ಬೇರೆ ಹೇಳಬೇಕಿಲ್ಲ. ಕಳಿಸಿದ ಮೇಲೆ ಕಾವ್ಯಾಳಿಗೆ ಹಿತವೆನಿಸಿತು. ಫೋನು ಚೀಲಕ್ಕೆ ಹಾಕಿ ಕಣ್ಣು ಮುಚ್ಚಿದಳು.

ಸಂಜೆ ಆಫೀಸಿನಲ್ಲಿದ್ದಾಗ ಪ್ರವೀಣಕುಮಾರನ ಫೋನು ಬಂತು. ಅವನ ದನಿ ಅಳುವ ಹಾಗಿತ್ತು.

"ಮೇಡಂ, ನಮ್ಮ ಪೇಜಿನಿಂದ ಏನರ ಕಮೆಂಟ್ ಹಾಕೀರೇನ್ರಿ? ಅಪ್ಪಾ ನನ್ನ ಮ್ಯಾಲೆ ಬೆಂಕಿ ಆಗ್ಯಾರ. ನಾ ಹಾಕಿಲ್ರಿ, ದೇವರಾಣಿ."

ಕಾವ್ಯಾ ಫೋನನ್ನು ಕಿವಿಯಿಂದ ತೆಗೆದಳು. ರೋಹಿಣಿಯ ವಿಡಿಯೋದ ಕೆಳಗಿನ ಕಮೆಂಟು ತೆರೆದು ನೋಡಿದಳು. ಗುಲಾಬಿ ಹೂವು ಇರಬೇಕಾದಲ್ಲಿ ಕೆಂದಾವರೆ ಇತ್ತು. ಸಾಹುಕಾರರ ಫೋಟೊ ಹಾಕಿದ ಮೇಲೆ ಅವಳು ಖಾತೆ ಬದಲಿಸಿರಲೇ ಇಲ್ಲ.

"ನಾನೂ ಹಾಕಿಲ್ಲ," ಎಂದಳು. ಅಷ್ಟು ಸಲೀಸಾಗಿ ಸುಳ್ಳು ಬಂದದ್ದು ಅವಳಿಗೇ ಆಶ್ಚರ್ಯ. "ಆದ್ರ ಅಪ್ಪಾರಿಗೆ ಯಾಕಷ್ಟು ಸಿಟ್ಟು? ಅದು ರೋಹಿಣಿ ಖಾರದ ಮಾತು."

"ವಿಡಿಯೋ ಪೂರಾ ನೋಡಿಲ್ಲೇನ್ರಿ ನೀವು? ಅಕಿ ಕಾಯಿ ತಂದಿದ್ದು ನಮ್ಮ ಅಂಗಡಿಲಿಂದ. ಕಡೀಕ ಅಪ್ಪನ ಹೆಸರು ಹೇಳ್ಯಾಳ."

ಅವಳು ನೋಡಿರಲಿಲ್ಲ. ಕೊನೆಯ ತನಕ ಯಾರೂ ನೋಡುವುದಿಲ್ಲ ಎಂದು ಊರಿಗೆಲ್ಲ ಪಾಠ ಹೇಳುತ್ತಿದ್ದವಳು ಸ್ವತಃ ಆ ಸೀನಿನ ಆಚೆ ಹೋಗಿರಲಿಲ್ಲ. ಈಗ ಪೂರ್ತಿ ನೋಡಿದಳು. ಸೀನು ಮುಗಿದ ಮೇಲೆ ರೋಹಿಣಿ ಕಣ್ಣೊರೆಸಿಕೊಂಡು, "ಇದು ಬ್ಯಾಡಗಿ ಸಿದ್ದಲಿಂಗಪ್ಪ ಸಾವಕಾರ್ರ ಅಂಗಡಿ ಕಾಯಿರಿ, ಕಣ್ಣು ಮುಚ್ಚಿ ತೊಗೊಳ್ರಿ" ಎನ್ನುತ್ತಿದ್ದಳು.

ಬ್ಯಾಡಗಿಯಲ್ಲಿ ಬೇರೆ ಏನು ಬೈದರೂ ಸಹಿಸುತ್ತಾರೆ. ಬಣ್ಣ ಹಾಕಿದ್ದು ಎಂದರೆ ಮುಗಿಯಿತು. ಅದನ್ನು ಸಿದ್ದಲಿಂಗಪ್ಪನವರ ಪೇಜು ಸಿದ್ದಲಿಂಗಪ್ಪನವರ ಮಾಲಿಗೇ ಹೇಳಿತ್ತು. ಕಾವ್ಯಾ ಕಮೆಂಟು ಅಳಿಸಿದಳು. ಆದರೆ ಅಷ್ಟರಲ್ಲಿ ಅದರ ಫೋಟೊ ವ್ಯಾಪಾರಸ್ಥರ ವಾಟ್ಸಾಪ್ ಗುಂಪುಗಳನ್ನೆಲ್ಲ ಸುತ್ತಿ ಬಂದಿತ್ತು.

ಮನೆಯಲ್ಲಿ ರೋಹಿಣಿ ಅತ್ತಿರಲಿಲ್ಲ. ಭರಮವ್ವನಿಗೆ ಮಾತ್ರ ಸಿಟ್ಟು ಇಳಿದಿರಲಿಲ್ಲ. "ಯಾವ ಹೊಟ್ಟೆಕಿಚ್ಚಿನ ಮುಂಡೇಮಗಾ ಬರದಾನೋ, ಅವನ ಕೈ ಸೇದಿ ಹೋಗಲಿ!" ಎಂದು ಶಪಿಸುತ್ತಿದ್ದಳು. ಕಾವ್ಯಾ ತನ್ನ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಇದೇ.

ಸಾಹುಕಾರರು ಫೋನು ಮಾಡಿ ಕಾವ್ಯಾಳಿಗೆ ಒಂದೇ ಮಾತು ಹೇಳಿದರು: "ನಾಳೆ ಆ ಹುಡುಗೀನ ಕರಕೊಂಡ್ ಬರ್ರಿ. ಎಲ್ಲಾರ ಮುಂದ ಪರೀಕ್ಷಾ ಮಾಡಿ ತೋರಸ್ತೇನಿ."

ಮರುದಿನ ಬಸ್ಸಿನಲ್ಲಿ ನೆಗೆಣ್ಣಿಯರಿಬ್ಬರೂ ಒಂದೇ ಸೀಟಿನಲ್ಲಿ ಕೂತರು. ರೋಹಿಣಿಯ ತೊಡೆಯ ಮೇಲೆ ಖಾರದ ಎರಡೂ ಡಬ್ಬಿಗಳಿದ್ದ ಚೀಲ. ಹೆದ್ದಾರಿಯ ಲಾರಿಗಳನ್ನು ನೋಡುತ್ತಿದ್ದವಳು ಮೆಲ್ಲಗೆ ಕೇಳಿದಳು.

"ಅಕ್ಕಾ, ಪ್ರವೀಣಣ್ಣ ಬರದಾನ ಅಂತಾರಲ್ರಿ. ನಮ್ಮ ಮನಿಯಾಗ ಎರಡು ಡಬ್ಬಿ ಅದಾವು ಅನ್ನೂದು ಅವಗ ಹೆಂಗ ಗೊತ್ತಾತ್ರಿ?"

"ಯಾರಿಗ್ ಗೊತ್ತು," ಎಂದಳು ಕಾವ್ಯಾ.

"ಹೂಂ," ಎಂದಳು ರೋಹಿಣಿ. ಮತ್ತೆ ಲಾರಿಗಳನ್ನು ನೋಡತೊಡಗಿದಳು.

ಅಂಗಡಿಯ ಮುಂದೆ ಆಗಲೇ ಜನ ಸೇರಿದ್ದರು. ಅಕ್ಕಪಕ್ಕದ ವ್ಯಾಪಾರಸ್ಥರು, ಹಮಾಲರು, ತೊಟ್ಟು ಬಿಡಿಸುವ ಹೆಂಗಸರು. ಮೇಜಿನ ಮೇಲೆ ಗಾಜಿನ ಬೋಗುಣಿಯಲ್ಲಿ ನೀರು, ಪಕ್ಕದಲ್ಲಿ ಎಣ್ಣೆಯ ಬಾಟಲಿ. ಪ್ರವೀಣಕುಮಾರ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ. ರಾತ್ರಿಯೆಲ್ಲ ಬೈಸಿಕೊಂಡ ಮುಖ. ಕಾವ್ಯಾ ಅವನ ಫೋನು ತೆಗೆದುಕೊಂಡು ಕೆಂದಾವರೆಯ ಪೇಜಿನಲ್ಲಿ ಲೈವ್ ಶುರು ಮಾಡಿದಳು. ಈ ಸಲ ಯಾವ ಖಾತೆ ಎಂದು ಮತ್ತೆ ಮತ್ತೆ ನೋಡಿಕೊಂಡಳು.

"ಎಲ್ಲಾರೂ ನೋಡ್ರಿ," ಎಂದು ಸಾಹುಕಾರರು ಗಂಟಲು ಸರಿಮಾಡಿಕೊಂಡರು. "ಹಾಕಿದ ಬಣ್ಣ ಇದ್ರ ನೀರಾಗ ಹರೀತೈತಿ. ಕಾಯಿದು ಖರೇ ಕೆಂಪು ನೀರಿಗೆ ಬಿಡೂದಿಲ್ಲ, ಎಣ್ಣಿಗೆ ಬಿಡ್ತೈತಿ. ಯಾರರ ಬಂದು ಈ ಕಾಯಿ ಕೈಯಾಗ ತಿಕ್ಕಿ ನೀರಾಗ ಅದ್ರಿ."

"ಅಕ್ಕಾ, ನೀವ ತಿಕ್ರಿ," ಎಂದಳು ರೋಹಿಣಿ.

"ನಾನಾ? ನಾ ಫೋನ್ ಹಿಡದೇನಿ."

"ಪ್ರವೀಣಣ್ಣ ಹಿಡೀತಾನ. ಕೊಡ್ರಿ."

ಜನರ ಮುಂದೆ ಒಲ್ಲೆ ಎನ್ನಲಾಗಲಿಲ್ಲ. ಯಾವತ್ತೂ ಕ್ಯಾಮೆರಾದ ಹಿಂದೆ ನಿಲ್ಲುತ್ತಿದ್ದವಳು ಮುಂದೆ ಬಂದಳು. ಒಣ ಮೆಣಸಿನಕಾಯಿಗಳನ್ನು ಅಂಗೈಯಲ್ಲಿ ಇಟ್ಟು ತಿಕ್ಕಿದಳು. ಬೀಜ ಸಿಡಿದವು, ಸಿಪ್ಪೆ ಪುಡಿಯಾಯಿತು. ಕೈಯನ್ನು ನೀರಿಗೆ ಅದ್ದಿದಳು. ಚೂರುಗಳು ತೇಲಿದವು, ಬೀಜ ತಳಕ್ಕಿಳಿದವು. ನೀರು ಮಾತ್ರ ಕೆಂಪಾಗಲಿಲ್ಲ. ಜನ ಹೋ ಎಂದರು. ರೋಹಿಣಿ ಚೀಲದಿಂದ ಡಬ್ಬಿಗಳೆರಡನ್ನೂ ತೆಗೆದು ಮೇಜಿನ ಮೇಲಿಟ್ಟಳು.

"ಹೌದ್ರಿ, ನಮ್ಮ ಮನಿಯಾಗ ಎರಡು ಡಬ್ಬಿ ಅದಾವು," ಎಂದು ಅವಳು ಫೋನಿನ ಕಡೆ ನೋಡಿ ಹೇಳಿದಳು. "ನಮ್ಮತ್ತಿ ಹೊಟ್ಟಿ ಉರೀತೈತಂತ ಅವರಿಗೆ ಸಪ್ಪಂದು ಬ್ಯಾರೆ ಮಾಡ್ತೇನಿ. ಬರದವರಿಗೆ ಈ ಮಾತೂ ಗೊತ್ತಿತ್ತು. ಅರ್ಧಾ ಅಷ್ಟ ಬರದಾರ."

ಅವಳು ಕಾವ್ಯಾಳನ್ನು ನೋಡಲಿಲ್ಲ. ನೋಡಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ. ಎರಡೂ ಡಬ್ಬಿಯಿಂದ ಚಿಟಿಕೆ ಚಿಟಿಕೆ ಪುಡಿ ಹೊಸ ನೀರಿನಲ್ಲಿ ಬಿತ್ತು, ಬಣ್ಣದ ಒಂದು ಎಳೆಯೂ ಬಿಡಲಿಲ್ಲ. ಬಟ್ಟಲಿಗೆ ಸುರಿದ ಎಣ್ಣೆಯಲ್ಲಿ ಎರಡೂ ಕೆಂಪು ಬಿಟ್ಟವು. ಫೋನಿನ ಪರದೆಯ ಮೇಲೆ ಹೃದಯಗಳು ಉಕ್ಕುತ್ತಿದ್ದವು. ಪ್ರವೀಣಕುಮಾರ ಕಣ್ಣರಳಿಸಿ, "ಇಷ್ಟ್ ಮಂದಿ ಯಾವತ್ತೂ ಬಂದಿಲ್ರಿ ನಮ್ಮ ಪೇಜಿಗೆ" ಎಂದ. ಅಲ್ಲಿ ಕಾಣುತ್ತಿದ್ದದ್ದು ಕಾವ್ಯಾಳ ಕೈಗಳು, ರೋಹಿಣಿಯ ಮುಖ. ಆ ಗಳಿಗೆಯಲ್ಲೂ ಕಾವ್ಯಾಳಿಗೆ ಹೊಳೆದದ್ದು ಅದೇ.

ಲೈವ್ ಮುಗಿಯಿತು. ಜನ ಚದುರಿದರು. ಸಾಹುಕಾರರು ಮಗನ ಕೈಯಿಂದ ಫೋನು ಕಸಿದು ಮೇಜಿನ ಮೇಲೆ ಕುಕ್ಕಿದರು.

"ನೋಡಿದೇನಲೇ? ಹುಡುಗಿ ಮಾನಾ ತಗದಿ, ನನ್ನ ಮಾನಾ ತಗದಿ. ನಾಳಿಂದ ನೀ ಅಂಗಡಿ ಕಟ್ಟಿ ಹತ್ತಬ್ಯಾಡ."

"ಅಪ್ಪಾ, ನಾ ಬರದಿಲ್ಲ..."

"ಮತ್ತ್ಯಾರು, ದೆವ್ವ ಬರದೈತೇನು?"

ಕಾವ್ಯಾಳ ಕೈಗಳು ಧಗಧಗ ಉರಿಯುತ್ತಿದ್ದವು. ಸುಮ್ಮನಿದ್ದರೆ ಎಲ್ಲವೂ ಅವನ ತಲೆಗೆ ಹೋಗುತ್ತಿತ್ತು. ಇನ್ನೊಂದು ವಾರಕ್ಕೆ ಮಂದಿ ಮರೆಯುತ್ತಿದ್ದರು. ಅವಳ ದೊಡ್ಡ ಗಿರಾಕಿ ಅವಳಿಗೇ ಉಳಿಯುತ್ತಿತ್ತು. ಅವಳು ತಲೆಯೆತ್ತಿದಳು. ರೋಹಿಣಿ ಡಬ್ಬಿಯ ಮುಚ್ಚಳ ಹಾಕುತ್ತ ಈಗ ಮೊದಲ ಸಲ ಅವಳನ್ನೇ ನೋಡುತ್ತಿದ್ದಳು. ಮುಚ್ಚಳ ಬಿಗಿಯಾದ ಮೇಲೂ ತಿರುಗಿಸುತ್ತಲೇ ಇದ್ದಳು.

"ಸಾವಕಾರ್ರ, ಅವನ್ನ ಬೈಬ್ಯಾಡ್ರಿ," ಎಂದಳು ಕಾವ್ಯಾ. "ನಾ ಬರದೇನಿ."

ತೊಟ್ಟು ಬಿಡಿಸುವ ಹೆಂಗಸರ ಕೈಗಳು ನಿಂತವು. ಸಾಹುಕಾರರು ಅವಳ ಕಡೆ ತಿರುಗಿದರು.

"ನನ್ನ ಮ್ಯಾಲೆ ಏನ್ ಸಿಟ್ಟಿತ್ತವ್ವಾ ನಿನಗ?"

"ನಿಮ್ಮ ಮ್ಯಾಲೆ ಅಲ್ರಿ."

ಅವರು ರೋಹಿಣಿಯನ್ನು ನೋಡಿದರು, ಮತ್ತೆ ಕಾವ್ಯಾಳನ್ನು ನೋಡಿದರು. ಮೇಜಿನ ಮೇಲಿನ ಫೋನು ಎತ್ತಿ ಮಗನ ಕೈಗೆ ಕೊಟ್ಟು, "ಇನ್ನ್ ಮ್ಯಾಲೆ ಪೇಜು ನಮ್ಮ ಪ್ರವೀಣ ನೋಡ್ಕೋತಾನ್ರಿ ಮೇಡಂ" ಎಂದರು. 'ನಿನಗ' ಎಂದದ್ದು ಮತ್ತೆ 'ಮೇಡಂ' ಆಗಿತ್ತು.

ಅಂಗಡಿಯ ಹಿತ್ತಲ ನಳದ ಕೆಳಗೆ ಅವಳು ಸೋಪು ಹಚ್ಚಿ ಹಚ್ಚಿ ಕೈ ತೊಳೆದಳು. ತೊಳೆದಷ್ಟೂ ಉರಿ ಏರಿತು. ಕಣ್ಣಲ್ಲಿ ನೀರು ತುಂಬಿ ಒರೆಸಿಕೊಳ್ಳಲು ಕೈ ಎತ್ತಿದಳು.

"ಆ ಕೈಲೆ ಕಣ್ಣ್ ಮುಟ್ಟಬ್ಯಾಡ್ರಿ," ಎಂದು ಹಿಂದಿನಿಂದ ದನಿ ಬಂತು. ರೋಹಿಣಿ ಎಣ್ಣೆಯ ಬಾಟಲಿ ಹಿಡಿದು ನಿಂತಿದ್ದಳು. "ನೀರಿಗೆ ಹೋಗೂದಿಲ್ರಿ ಅದು. ಕೈ ಹಿಡೀರಿ."

ಕಾವ್ಯಾ ಅಂಗೈಗಳನ್ನು ಮುಂದೆ ಚಾಚಿದಳು. ರೋಹಿಣಿ ಎಣ್ಣೆ ಸುರಿದಳು. ತನ್ನ ಸೆರಗಿನ ತುದಿಯಿಂದ ಅವಳ ಕಣ್ಣನ್ನೂ ಒರೆಸಿದಳು, ಮಗುವಿನ ಮೂಗು ಒರೆಸುವಷ್ಟೇ ಒರಟಾಗಿ. ತನ್ನಿಂದ ಇದು ಆಗುತ್ತಿತ್ತೇ ಎಂದು ಕಾವ್ಯಾ ಕೇಳಿಕೊಂಡಳು. ಆಗುತ್ತಿರಲಿಲ್ಲ. ಹೊಟ್ಟೆಯಲ್ಲಿ ಮತ್ತೆ ಅದೇ ಕಿಚ್ಚು ಮಿಸುಕಿತು. ಇವಳ ಈ ಒಳ್ಳೆಯತನದ ಮೇಲೂ.

"ಅತ್ತಿಗೆ ಹೇಳೂದಿಲ್ಲ ತೊಗೊಳ್ರಿ," ಎಂದಳು ರೋಹಿಣಿ. "ಅವರಿಗೆ ನೀವಂದ್ರ ಭಾಳ ಅಭಿಮಾನ. ಓದಿದ ಸೊಸಿ ಅಂತ ಓಣಿ ತುಂಬ ಹೇಳ್ತಾರ. ನನಗ ಅದನ್ನ ಕೇಳಿ ಕೇಳಿ ಎಷ್ಟ್ ಹೊಟ್ಟಿ ಉರದೈತಿ ಗೊತ್ತೇನ್ರಿ ನಿಮಗ?"

ಕಾವ್ಯಾ ಮುಖವೆತ್ತಿದಳು. ರೋಹಿಣಿ ಬಾಟಲಿಯ ಬಿರಡೆ ಹಾಕುತ್ತಿದ್ದಳು.

"ಮತ್ತ ನನ್ನ ಪೇಜಿನ ಪಾಸ್‌ವರ್ಡು ನಿನ್ನೆ ಸಂಜೀಕ ಬದಲಿ ಮಾಡೇನ್ರಿ ಅಕ್ಕಾ."

ಹೇಳಿ ಅವಳು ಒಳಗೆ ಹೋದಳು. ಕಾವ್ಯಾಳ ಚೀಲದಲ್ಲಿ ಫೋನು ಬಡಿದುಕೊಳ್ಳತೊಡಗಿತು. ಹಾವೇರಿಯ ಹಲ್ಲಿನ ಡಾಕ್ಟರೋ, ಸೀರೆ ಅಂಗಡಿಯವರೋ. ಅವಳು ತೆಗೆಯಲಿಲ್ಲ. ನಳದ ಪಕ್ಕ ಕೈಗಳನ್ನು ಮೈಯಿಂದ ದೂರ ಹಿಡಿದು ನಿಂತಿದ್ದಳು. ಅಂಗೈಯ ಎಣ್ಣೆ ಮೆಲ್ಲಗೆ ಕೆಂಪಾಗುತ್ತ ಬೆರಳ ತುದಿಯಿಂದ ಒಂದೊಂದೇ ಹನಿ ಕಲ್ಲಿನ ಮೇಲೆ ಬೀಳುತ್ತಿತ್ತು.